ಸಿಂದಗಿಯ ಮೂರನೇ ಡಬ್ಬಿ

ಮೂರನೇ ಡಬ್ಬಿಯ ಮೇಲೆ ಒಗೆದು ಮಡಿಸಿದ ಬಿಳಿ ಟವೆಲ್ಲು ಹೊದಿಸಿತ್ತು. ಪರದೆಯ ಮೇಲಂಚಿಗೆ ಮೂರು ಬೆರಳ ವಿಭೂತಿ. ಪ್ಲಗ್ಗು ಕಿತ್ತು, ವಾಯರನ್ನು ಸುರುಳಿ ಸುತ್ತಿ ಬದಿಗಿಟ್ಟಿದ್ದರು.

ಮಾಲಾ ಟವೆಲ್ಲಿನ ತುದಿ ಎತ್ತಿ ನೋಡಿದಳು. ಡಬ್ಬಿ ತಣ್ಣಗಿತ್ತು. ಬೆಳಿಗ್ಗೆ ಒಂಬತ್ತು ಗಂಟೆಗೆ ಲ್ಯಾಬಿನ ಉಳಿದ ಕಂಪ್ಯೂಟರ್ ಡಬ್ಬಿಗಳೆಲ್ಲ ಬಿಸಿಯಾಗಿ ಗುಂಯ್‌ಗುಡುತ್ತಿದ್ದವು.

"ಕಾಕಾ, ಇದ್ಯಾಕ ಬಂದ್ ಐತಿ? ಕೆಟ್ಟೈತೇನು?"

ಸಿಂದಗಿ ಶಾಖೆಯ ಜವಾನ ರೇವಣಪ್ಪ ಕಸಬರಿಗೆಯನ್ನು ಗೋಡೆಗಾನಿಸಿ ಬಾಗಿಲ ಕಡೆ ನೋಡಿದ. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ದನಿ ಇಳಿಸಿದ.

"ಕೆಟ್ಟಿಲ್ರಿ ಅಕ್ಕಾರ. ಇವತ್ತ ಸೋಮಾರ ಅಲ್ಲೇನ್ರಿ."

"ಸೋಮಾರ ಆದ್ರ?"

"ಸೋಮಾರ ನಮ್ಮ ಕಡಿ ಎತ್ತಿನ ಹೆಗಲ ಮ್ಯಾಲ ನೊಗಾ ಇಡಂಗಿಲ್ರಿ. ಬಸವಣ್ಣನ ವಾರ. ಇದೂ ವಾರಪೂರ್ತಿ ದುಡಿತೈತಿ, ಬಾಯಿಲ್ಲದ್ದು. ಒಂದ್ ದಿನ ಸೂಟಿ ಕೊಡೋಣಂತ, ರವಿವಾರ ಸಂಜಿಮುಂದ ಶಟ್‌ಡೌನ್ ಕೊಟ್ಟು ಮುಚ್ಚಿ ಇಡ್ತೇನಿ. ಮಂಗಳವಾರ ಮುಂಜಾನೆದ್ದು ಹಚ್ಚತೇನಿ."

"ಎಷ್ಟ ದಿನಾತು?"

"ಆರು ತಿಂಗಳಾತ್ರಿ. ನಾಲ್ಕಕ್ಕೂ ಸೂಟಿ ಕೊಟ್ರ ಲ್ಯಾಬ್ ನಡಿಬೇಕಲ್ರಿ. ಅದಕ್ಕ ಒಳಗಿನ ಕೋಣ್ಯಾಗಿಂದು ಇದೊಂದಕ್ಕ. ಬೈಬ್ಯಾಡ್ರಿ."

ಬೈಯುವುದು ಎಲ್ಲಿಂದ ಬಂತು? ಮಾಲಾಗೆ ಆ ಮುದುಕನ ಕಾಲು ಮುಟ್ಟಿ ನಮಸ್ಕಾರ ಮಾಡಬೇಕು ಅನ್ನಿಸಿತು.

ಯಾಕೆಂದರೆ ಹೋದ ಸೋಮವಾರ ಬೆಳಿಗ್ಗೆ ಹತ್ತು ಐವತ್ತೆರಡಕ್ಕೆ, ಇದೇ ಮೂರನೇ ಡಬ್ಬಿಯ ಮುಂದೆ ಕೂತು, ಮಾಲಾಳ ಹೆಸರು ಮತ್ತು ಪಾಸ್‌ವರ್ಡಿನಿಂದ, ಒಬ್ಬ ಹೆಣ್ಣುಮಗಳ ರಕ್ತದ ವರದಿಯನ್ನು ಯಾರೋ ತಿದ್ದಿದ್ದಾರೆ ಎಂದು ಲ್ಯಾಬಿನ ಸರ್ವರು ಸಾಕ್ಷಿ ಹೇಳುತ್ತಿತ್ತು.

ಆ ಹೆಣ್ಣುಮಗಳು ಮೋರಟಗಿಯ ಸಾಲಿ ಟೀಚರ್ ಸುರೇಖಾ. ಜ್ವರ ಬಂದು ರಕ್ತ ಕೊಟ್ಟಿದ್ದಳು. ಪ್ಲೇಟ್‌ಲೆಟ್ ಎರಡು ಲಕ್ಷ ಹತ್ತು ಸಾವಿರ ಎಂದು ಕಾಗದ ಬಂತು. ಡಾಕ್ಟರು ನೋಡಿ, ಗಾಬರಿಯಿಲ್ಲ, ಮನೆಗೆ ಹೋಗಮ್ಮ ಅಂದರು. ಬುಧವಾರ ಪಾಠ ಹೇಳುತ್ತಲೇ ಕುಸಿದಳು. ನಿಜಕ್ಕೂ ಇದ್ದದ್ದು ಇಪ್ಪತ್ತೊಂದು ಸಾವಿರ. ಈಗ ವಿಜಯಪುರದ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಾಳೆ.

‘ನಾಲ್ದೆಸೆ’ ಎಂಬ ಈ ಲ್ಯಾಬಿನ ಮಾಲೀಕರು ಹೇಳುವುದು ಇಷ್ಟೇ: ನಮ್ಮ ಯಂತ್ರ ಸರಿಯಾಗಿಯೇ ಇಪ್ಪತ್ತೊಂದು ಸಾವಿರ ಎಂದಿತ್ತು, ಸರ್ವರ್ ನೋಡಿಕೊಳ್ಳುವ ಮಾಲಾ ಅದನ್ನು ತಿದ್ದಿದಳು. ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಅವಳು ತಪ್ಪೊಪ್ಪಿಗೆಗೆ ಸಹಿ ಹಾಕಬೇಕು, ಇಲ್ಲವಾದರೆ ಪೊಲೀಸರು.

ಸಹಿ ಹಾಕುವ ಮಾತೇ ಇರಲಿಲ್ಲ. ಆದರೆ ಹಾಕುವುದಿಲ್ಲ ಎಂದು ಬರೀ ಬಾಯಲ್ಲಿ ಹೇಳಿದರೆ ಯಾರು ಕೇಳುತ್ತಾರೆ? ಮೂರು ದಿನದಿಂದ ಅವಳ ಕೈಯಲ್ಲಿ ಒಂದೇ ಒಂದು ಎಳೆಯೂ ಇರಲಿಲ್ಲ. ಈಗ ಬಿಳಿ ಟವೆಲ್ಲಿನ ತುದಿ ಸಿಕ್ಕಿತ್ತು.

"ಕಾಕಾ, ಹೋದ ಸೋಮಾರ ಇದು ಬಂದ್ ಇತ್ತು ಅಂತ ಬಾಗೇವಾಡಿ ಆಫೀಸಿಗೆ ಬಂದು ಹೇಳ್ತೀರೇನು? ನೌಕರಿ ಹೋದ್ರೂ ಹೋಗಬಹುದು."

ರೇವಣಪ್ಪ ಟವೆಲ್ಲನ್ನು ಸರಿಯಾಗಿ ಎಳೆದು ಮುಚ್ಚಿದ.

"ಬಸ್ಸು ಒಂಬತ್ತೂವರಿಗೆ ಐತ್ರಿ," ಅಂದ.

* * *

ಸಿಂದಗಿ, ಇಂಡಿ, ಮುದ್ದೇಬಿಹಾಳದ ಕೌಂಟರುಗಳಲ್ಲಿ ಇರುವುದು ಅಸಲು ಕಂಪ್ಯೂಟರುಗಳೇ ಅಲ್ಲ. ಅಂಗೈಯಗಲದ ಕರಿ ಡಬ್ಬಿ, ಒಂದು ಪರದೆ, ಒಂದು ಕೀಬೋರ್ಡು, ಅಷ್ಟೇ. ಕಂಪ್ಯೂಟರಿನ ಜೀವವೆಲ್ಲ ಬಸವನ ಬಾಗೇವಾಡಿಯ ಮುಖ್ಯ ಕಚೇರಿಯ ಸರ್ವರಿನೊಳಗೆ. ಅಲ್ಲಿ ನಡೆಯುವುದನ್ನು ಡಬ್ಬಿ ಇಲ್ಲಿ ತೋರಿಸುತ್ತದೆ.

ಹಾಗೆಯೇ ನಾಲ್ಕೂ ಊರಿನ ರಕ್ತವನ್ನು ಎಣಿಸುವ ದೊಡ್ಡ ಯಂತ್ರವೂ ಒಂದೇ. ಅದು ಸಿಂದಗಿಯಲ್ಲಿತ್ತು.

ಡಬ್ಬಿಗಳ ಮೇಲೆ ಮಾಲಾಗೆ ಮೊದಲಿಂದಲೂ ಸಿಟ್ಟು. ಡಬ್ಬಿಗಿಂತ ಅದರ ಮುಂದೆ ಕೂರುವವರ ಮೇಲೆ ಹೆಚ್ಚು. ಸಂಜೆ ಪರದೆ ಆರಿಸಿ ಎದ್ದು ಹೋಗುತ್ತಾರೆ, ಒಳಗೆ ತೆರೆದ ಕೆಲಸವೆಲ್ಲ ಸರ್ವರಿನಲ್ಲಿ ಹಾಗೇ ಉಳಿಯುತ್ತದೆ. ವಾರವಿಡೀ ಕಸ ತುಂಬಿ ಶನಿವಾರದ ಹೊತ್ತಿಗೆ ಡಬ್ಬಿ ಮುಷ್ಕರ ಹೂಡುತ್ತದೆ. ಆಮೇಲೆ, "ಮೇಡಮ್, ಹ್ಯಾಂಗ್ ಆಗೇತ್ರಿ" ಅಂತ ಫೋನು. ಕೆಲಸ ಮುಗಿದ ಮೇಲೆ ಸೈನ್ ಔಟ್ ಮಾಡಿ ಎಂದು ನಾಲ್ಕೂ ಊರಿನ ಗೋಡೆಗೆ ಕಾಗದ ಅಂಟಿಸಿ ಬಂದಿದ್ದಳು. ಓದಿದವರು ಯಾರು?

ಸಿಂದಗಿಯ ಮೂರನೇ ಡಬ್ಬಿಯೊಂದೇ ಆರು ತಿಂಗಳಲ್ಲಿ ಒಮ್ಮೆಯೂ ದೂರು ತಂದಿರಲಿಲ್ಲ. ಯಾಕೆಂದು ಅವಳು ಎಷ್ಟೋ ಸಲ ತಲೆ ಕೆರೆದುಕೊಂಡಿದ್ದಳು. ವಾರಕ್ಕೊಮ್ಮೆ ಪೂರ್ತಿ ಆರಿಸಿ ಹೊಸದಾಗಿ ಹಚ್ಚಿದರೆ ಯಾವ ಡಬ್ಬಿ ತಾನೇ ಕೆಡುತ್ತದೆ? ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಕೂತಿದ್ದವಳಿಗೆ ನಗು ಬಂತು. ಪಕ್ಕದಲ್ಲಿ ರೇವಣಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದ.

ದೇವರ ಹಿಪ್ಪರಗಿ ದಾಟುವಾಗ ನಗು ನಿಂತಿತು.

ಡಬ್ಬಿ ಬಂದ್ ಇತ್ತು. ಹಾಗಿದ್ದರೆ ತಿದ್ದಿದ್ದು ಆ ಡಬ್ಬಿಯಿಂದಲ್ಲ. ಸೋಮವಾರವೇ ತಿದ್ದಿದ್ದು ಎಂದಾದರೂ ಯಾಕೆ ನಂಬಬೇಕು? ಸರ್ವರು ತನ್ನ ಗಡಿಯಾರ ಏನು ತೋರಿಸುತ್ತದೋ ಅದನ್ನೇ ಬರೆಯುತ್ತದೆ. ಗಡಿಯಾರವನ್ನೇ ಹಿಂದಕ್ಕೆ ತಿರುವಿದರೆ?

ತಟ್ಟನೆ ಗುರುವಾರ ನೆನಪಾಯಿತು. ಅವತ್ತು ಇಂಡಿ ತಾಲ್ಲೂಕಿನ ಅಗರಖೇಡದ ರಕ್ತ ಸಂಗ್ರಹ ಕೇಂದ್ರದಲ್ಲಿ ಪ್ರಿಂಟರ್ ರಿಪೇರಿ ಮಾಡುತ್ತಿದ್ದಳು. ಮಧ್ಯಾಹ್ನ ಮೂರು ನಲವತ್ತಕ್ಕೆ ಇಂಡಿಯಿಂದ ಫೋನು, ಅದರ ಬೆನ್ನಿಗೇ ಮುದ್ದೇಬಿಹಾಳದಿಂದ ಫೋನು. ಪಾಸ್‌ವರ್ಡ್ ಸರಿಯಿದ್ದರೂ ಸರ್ವರ್ ಯಾರನ್ನೂ ಒಳಗೆ ಬಿಡುತ್ತಿಲ್ಲ. ಹದಿನೈದು ನಿಮಿಷ ಬಿಟ್ಟು ತಾನೇ ಸರಿಹೋಯಿತು. ದೂರಿನ ಪುಸ್ತಕದಲ್ಲಿ "ಕಾರಣ ತಿಳಿಯಲಿಲ್ಲ" ಎಂದು ಬರೆದಿದ್ದಳು. ಆ ಎರಡು ಪದ ಬರೆಯುವುದೆಂದರೆ ಅವಳಿಗೆ ಮೈಯೆಲ್ಲ ಉರಿ.

ಈಗ ಕಾರಣ ತಿಳಿಯಿತು. ಸರ್ವರಿನ ಗಡಿಯಾರಕ್ಕೂ ಉಳಿದವುಗಳ ಗಡಿಯಾರಕ್ಕೂ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಬಿದ್ದರೆ ಸರ್ವರು ಯಾರ ಪಾಸ್‌ವರ್ಡನ್ನೂ ನಂಬುವುದಿಲ್ಲ. ಲಾಗಿನ್ ಆಗುತ್ತಿಲ್ಲ ಅಂದರೆ ಮೊದಲು ವೇಳೆ ನೋಡು, ಆಮೇಲೆ ಪಾಸ್‌ವರ್ಡು ನೋಡು: ಕೆಲಸಕ್ಕೆ ಸೇರಿದ ವಾರದಲ್ಲೇ ಕಲಿತ ಪಾಠ. ಪ್ರಿಂಟರಿನ ಮಸಿ ಮೆತ್ತಿದ ಕೈಯಲ್ಲಿ ಅದನ್ನೇ ಮರೆತಿದ್ದಳು.

"ಕಾಕಾ, ನನ್ನಂಥಾ ದಡ್ಡಿ ಈ ಜಿಲ್ಲೆದಾಗ ಇಲ್ಲ."

"ಇರ್ತಾರ ಬಿಡ್ರಿ ಅಕ್ಕಾರ," ಎಂದು ರೇವಣಪ್ಪ ಸಮಾಧಾನ ಹೇಳಿದ.

* * *

ವ್ಯವಸ್ಥಾಪಕ ಸಂಜೀವಕುಮಾರ ಸರ್ವರ್ ಕೋಣೆಯಲ್ಲೇ ಕಾಯುತ್ತಿದ್ದ. ಇಸ್ತ್ರಿ ಕೆಡದ ಅಂಗಿ, ಎದುರಿಗೆ ಟೈಪಾದ ಒಂದು ಹಾಳೆ, ಹಾಳೆಯ ಮೇಲೆ ಪೆನ್ನು. ಹನ್ನೆರಡಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು.

"ಬಂದ್ಯಾ? ಸಹಿ ಮಾಡು. ನಿನ್ನ ಮ್ಯಾಲ ಕೇಸ್ ಆಗದಂಗ ನೋಡ್ಕೋತೀನಿ. ಶಂಕರೆಪ್ಪ ಮಾಲೀಕರು ಮಾತು ಕೊಟ್ಟಾರ." ಆಮೇಲೆ ಅವನ ಕಣ್ಣು ಬಾಗಿಲಲ್ಲಿ ನಿಂತ ರೇವಣಪ್ಪನ ಮೇಲೆ ಬಿತ್ತು. "ಇವನ್ಯಾಕ ಬಂದಾನ?"

"ನನ್ನ ಜೋಡಿ ಬಂದಾರ," ಎಂದಳು ಮಾಲಾ. ಹಾಳೆಯ ಕಡೆ ತಿರುಗಿಯೂ ನೋಡದೆ ಸರ್ವರಿನ ಮುಂದಿನ ಕುರ್ಚಿ ಎಳೆದು ಕೂತಳು. "ಹನ್ನೆರಡರ ಮಟಾ ನಾನು ಇಲ್ಲಿ ನೌಕರಿ ಮಾಡಾಕೀನ ಅಲ್ರಿ ಸರ್? ಇಪ್ಪತ್ತ ನಿಮಿಷ ಕೆಲಸ ಮಾಡ್ತೇನಿ."

ಮೊದಲು ಡಬ್ಬಿಗಳ ಹಾಜರಿ ತೆಗೆದಳು. ಯಾವ ಡಬ್ಬಿ ಯಾವಾಗ ಹತ್ತಿತು, ಯಾವಾಗ ಆರಿತು ಎಂದು ಸರ್ವರು ತಾನಾಗಿಯೇ ಬರೆದುಕೊಳ್ಳುವ ಪಟ್ಟಿ. ಸಿಂದಗಿ ಮೂರರ ಸಾಲಿನಲ್ಲಿ ಬೆರಳಿಟ್ಟು ಕೆಳಗಿಳಿದಳು. ಪ್ರತಿ ರವಿವಾರ ಸಂಜೆ ಆರಿದೆ. ಪ್ರತಿ ಮಂಗಳವಾರ ಬೆಳಿಗ್ಗೆ ಏಳಕ್ಕೆ ಹತ್ತಿದೆ. ಆರು ತಿಂಗಳ ಸೋಮವಾರಗಳೆಲ್ಲ ಖಾಲಿ.

"ನೋಡ್ರಿ ಸರ್. ನಾನು ವರದಿ ತಿದ್ದೀನಿ ಅನ್ನೂ ಹೊತ್ತಿನ್ಯಾಗ ಈ ಡಬ್ಬಿ ಟವೆಲ್ ಹೊದ್ದು ಮಲಗಿತ್ತು. ಒಳಗಿನ ಕೋಣ್ಯಾಗ ಕ್ಯಾಮೆರಾ ಇಲ್ಲಂತ ಯಾರೋ ಇದರ ಹೆಸರನ್ನಽ ಆಯ್ಕೆ ಮಾಡ್ಯಾರ. ಕಾಕಾ ಸೋಮಾರ ಇದಕ್ಕ ಸೂಟಿ ಕೊಡ್ತಾರಂತ ಅವರಿಗೆ ಗೊತ್ತಿಲ್ಲ."

ಸಂಜೀವಕುಮಾರ ರೇವಣಪ್ಪನ ಕಡೆ ತಿರುಗಿದ. "ಕಂಪನಿ ಮಷೀನು ಬಂದ್ ಮಾಡಾಕ ನಿನಗ್ಯಾರು ಹುಕುಂ ಕೊಟ್ಟಾರ?"

"ಯಾರೂ ಕೊಟ್ಟಿಲ್ರಿ."

"ನಾಳಿಂದ ಕೆಲಸಕ್ಕ ಬರಬ್ಯಾಡ."

ರೇವಣಪ್ಪ ರುಮಾಲು ತೆಗೆದು, ಕೊಡವಿ, ಮತ್ತೆ ಸುತ್ತಿಕೊಂಡ. ಅವಸರವೇನೂ ಮಾಡಲಿಲ್ಲ.

"ಬರಂಗಿಲ್ ಬಿಡ್ರಿ ಸಾಹೇಬ್ರ. ಆದ್ರ ಆ ಸೋಮಾರ ಅದು ಬಂದ್ ಇತ್ತು. ನೀವು ನನ್ನ ಇಟ್ಕೊಂಡ್ರೂ ಬಂದ್ ಇತ್ತು, ತಗದ್ರೂ ಬಂದ್ ಇತ್ತು. ಪೊಲೀಸರ ಮುಂದೂ ಇಷ್ಟಽ ಹೇಳಂವ."

ಮಾಲಾಳ ಎದೆ ತುಂಬಿ ಬಂತು. ತೋರಿಸಿಕೊಳ್ಳುವ ಹೊತ್ತಲ್ಲ ಎಂದು ಎರಡನೆಯ ಪಟ್ಟಿ ತೆರೆದಳು. ಇದು ಸರ್ವರಿನ ದಿನಚರಿ. ನಡೆದ ಒಂದೊಂದು ಸಂಗತಿಗೂ ಅದರಲ್ಲಿ ಒಂದು ಸಾಲು, ಸಾಲಿಗೊಂದು ವೇಳೆ, ಒಂದು ಕ್ರಮಸಂಖ್ಯೆ. ಎಲ್ಲರೂ ವೇಳೆಯನ್ನು ಓದುತ್ತಾರೆ. ಅವಳು ಕ್ರಮಸಂಖ್ಯೆಯ ಪ್ರಕಾರ ಜೋಡಿಸಿದಳು.

"ಇಲ್ಲಿ ನೋಡ್ರಿ. ಗುರುವಾರ ಮಧ್ಯಾಹ್ನ ಮೂರು ಮೂವತ್ತೊಂಬತ್ತು, ಸಾಲು 88,416. ಅದರ ಕೆಳಗಿನ ಸಾಲು 88,417. ಅದು ಯಾವ ದಿನದ್ದು? ಸೋಮವಾರ, ಹತ್ತೂ ಐವತ್ತು. ಗುರುವಾರ ಆದ ಮ್ಯಾಲ ಹಿಂದಿನ ಸೋಮವಾರ ಬಂದೈತಿ. ಇಂಥಾ ಪಂಚಾಂಗ ಎಲ್ಲಿ ಸಿಗತೈತ್ರಿ?"

ಸಂಜೀವಕುಮಾರ ಕುರ್ಚಿ ಮುಂದೆ ಎಳೆದು ಆ ಎರಡು ಸಾಲನ್ನು ಮತ್ತೆ ಓದಿದ.

"ಗಡಿಯಾರ ತಿರುವಿದವರಿಗೆ ವೇಳೆ ಸಿಕ್ತು, ಸಂಖ್ಯೆ ಸಿಗಲಿಲ್ಲ. ಅದನ್ನ ಯಾರೂ ಹಿಂದಕ್ಕ ಸರಸಾಕ ಬರೂದಿಲ್ಲ. ಇನ್ನೊಂದೈತಿ. ಒಳಗ ಬಂದವರು ಹ್ಯಾಂಗ ಬಂದ್ರು ಅಂತನೂ ಇದು ಬರೀತೈತಿ. ಅಂಕಿ ಹತ್ತು ಅಂತಿದ್ರ ದೂರದಿಂದ. ಎರಡು ಅಂತಿದ್ರ ಸರ್ವರಿನ ಮುಂದಽ ಕೂತು. ಓದ್ರಿ, ಏನೈತಿ?"

ಪರದೆಯ ಮೇಲೆ ಎರಡು ಎಂದಿತ್ತು.

"ಅಂದ್ರ ಈ ಕುರ್ಚಿ. ಕೌಂಟರ್ ಯಾವುದು ಅಂತ ಕೇಳಿದಾಗ ಸಿಂದಗಿ ಮೂರು ಅಂತ ಒತ್ತಿದ್ರ ಮುಗೀತು. ಗುರುವಾರ ಆ ಹೊತ್ತಿನ್ಯಾಗ ನಾ ಅಗರಖೇಡದಾಗಿದ್ದೆ. ಈ ಕೋಣಿ ಕೀಲಿ ಇಬ್ಬರ ಹಂತ್ಯಾಕ ಐತಿ. ಒಂದು ನನ್ನ ಹಂತ್ಯಾಕ. ಇನ್ನೊಂದು ಯಾರ ಹಂತ್ಯಾಕ ಐತ್ರಿ ಸರ್?"

ಸಂಜೀವಕುಮಾರ ಎದ್ದು ಬಾಗಿಲು ಮುಂದೆ ಮಾಡಿದ. ತಿರುಗಿದಾಗ ಅವನ ಮುಖದಲ್ಲಿ ನಾಚಿಕೆಯೇನೂ ಇರಲಿಲ್ಲ.

"ನಾನಽ ತಿರುವಿದೆ. ಏನ್ ಮಾಡ್ತಿ? ತುರ್ತಿಗಂತ ನೀ ಪಾಸ್‌ವರ್ಡ್ ಬರದು ಲಕೋಟಿ ಹಚ್ಚಿ ಮಾಲೀಕರಿಗೆ ಕೊಟ್ಟಿದ್ದಿ. ಅವರು ನನಗ ಕೊಟ್ರು. ಮಷೀನಿನ ತಪ್ಪನ್ನ ನೀ ತಿದ್ದಿದ್ದು ಅಂತ ಗುರುವಾರ ನಾನಽ ಬರದೆ. ಮಷೀನು ಒಂದಽ ಸಲ ತಪ್ಪಿ ಹೇಳೈತಿ. ಒಂದಽ ಸಲ. ಅದಕ್ಕ ನಾಲ್ಕೂ ಊರಿನ ಲ್ಯಾಬಿಗೆ ಕೀಲಿ ಹಾಕಬೇಕೇನು? ಎಂಬತ್ತು ಮನಿತನ ಇದರ ಮ್ಯಾಲ ಉಣ್ಣತಾವ. ನೀ ಒಬ್ಬಾಕಿ. ಎಲ್ಲ್ಯರ ಇನ್ನೊಂದು ನೌಕರಿ ಹಿಡೀತಿ."

"ಸುರೇಖಾ?"

"ಆಕಿ ಹಣೀಬಾರ."

ಮಾಲಾ ಆ ಟೈಪಾದ ಹಾಳೆಯನ್ನು ಬದಿಗೆ ಸರಿಸಿದಳು. ಅಪ್ಪ ಕುರಿ ಕಾಯುತ್ತ ಬಿಸಿಲಲ್ಲಿ ತಿರುಗಿ ಓದಿಸಿದ್ದು ಇಂಥವನ ಹಾಳೆಗೆ ಸಹಿ ಹಾಕಲು ಆಗಿರಲಿಲ್ಲ.

"ಹಣೀಬಾರ ಬರಿಯಾಕ ನೀವ್ಯಾರ್ರೀ? ನಾ ಸಹಿ ಮಾಡೂದಿಲ್ಲ. ಇವತ್ತೂ ಇಲ್ಲ, ನಾಳೆನೂ ಇಲ್ಲ. ಪೊಲೀಸರನ್ನ ನೀವು ಕರಿಯೂದು ಬ್ಯಾಡ, ನಾನಽ ಕರೀತೇನಿ. ಈ ಸಾಲುಗಳನ್ನ ಒಂದೊಂದಾಗಿ ಓದಿ ಹೇಳ್ತೇನಿ, ಅವರಿಗೆ ತಿಳಿಯೂತನಕ."

"ಸಾಲು ಇದ್ರ ಓದ್ತಿ."

ಅವನು ಎರಡೇ ಹೆಜ್ಜೆಯಲ್ಲಿ ಗೋಡೆ ಬದಿಯ ಕಬ್ಬಿಣದ ಕಪಾಟಿಗೆ ಹೋದ. ಸರ್ವರಿನ ಎದೆಯೊಳಗಿನ ಡಿಸ್ಕುಗಳ ಹಿಡಿಕೆಗಳು ಅಲ್ಲಿ ಸಾಲಾಗಿ ಕಾಣುತ್ತಿದ್ದವು. ಮೊದಲನೆಯದಕ್ಕೆ ಕೈ ಹಾಕಿದ.

"ಕರೆಂಟ್ ಹೆಚ್ಚಾಗಿ ಬಂತು, ಸುಟ್ಟು ಹೋತು ಅಂತೀನಿ. ಯಾರು ಕೇಳ್ತಾರ?"

ರೇವಣಪ್ಪ ಅಡ್ಡ ಹೋಗಲು ಹೆಜ್ಜೆಯಿಟ್ಟ. ಮಾಲಾ ಕುರ್ಚಿಯಿಂದ ಅರ್ಧ ಎದ್ದವಳು ಅಲ್ಲೇ ನಿಂತಳು. ಪರದೆಯ ಮೂಲೆಯಲ್ಲಿ, ಈಗ ಯಾರು ಯಾರು ಒಳಗಿದ್ದಾರೆ ಎಂದು ತೋರಿಸುವ ಪಟ್ಟಿಯಲ್ಲಿ, ಒಂದು ಹೊಸ ಹೆಸರು ಮೂಡಿತ್ತು.

ಮಾಲಾ. ಮುದ್ದೇಬಿಹಾಳ, ಎರಡನೇ ಡಬ್ಬಿ. ಹನ್ನೊಂದು ಐವತ್ತಾರು.

ಅವಳು ಗಡಿಯಾರ ನೋಡಿದಳು. ಹನ್ನೊಂದು ಐವತ್ತಾರೇ. ಇದು ಈಗಲೇ ನಡೆಯುತ್ತಿತ್ತು. ಸಾಕ್ಷಿ ಅಳಿಸಿದಳು ಅನ್ನಬಾರದೆಂದು ಮೂರು ದಿನದಿಂದ ಪಾಸ್‌ವರ್ಡ್ ಬದಲಿಸಿರಲಿಲ್ಲ. ಗಡಿಯಾರ ತಿರುವಿದವನು ಕಣ್ಣೆದುರಿಗೇ ನಿಂತಿದ್ದಾನೆ. ಹಾಗಿದ್ದರೆ ಮುದ್ದೇಬಿಹಾಳದಲ್ಲಿ ಅವಳ ಹೆಸರಿನಲ್ಲಿ ಕೂತವರು ಯಾರು?

"ಆ ಲಕೋಟಿ ಮತ್ಯಾರಿಗೆ ತೋರಿಸೀರಿ?"

"ಯಾರಿಗೂ ಇಲ್ಲ," ಎಂದ ಸಂಜೀವಕುಮಾರ. ಅವನ ಕಣ್ಣೂ ಪರದೆಯ ಮೇಲಿತ್ತು. ಸುಳ್ಳು ಹೇಳುವ ಮುಖ ಅಲ್ಲ ಅದು.

ಒಂದು ಗುಂಡಿ ಒತ್ತಿದರೆ ಆ ಮನುಷ್ಯನನ್ನು ಹೊರಗೆ ಹಾಕಬಹುದಿತ್ತು. ಮಾಲಾ ಒತ್ತಲಿಲ್ಲ. ಇನ್ನೊಬ್ಬರ ಪರದೆಯನ್ನು ಕೂತಲ್ಲಿಂದಲೇ ನೋಡುವ ಸೌಕರ್ಯ ಸರ್ವರಿನಲ್ಲಿ ಉಂಟು. ಆದರೆ ಆ ಕಡೆಯವರಿಗೆ, ನಿಮ್ಮ ಪರದೆ ನೋಡಬಹುದೇ ಎಂಬ ಪ್ರಶ್ನೆ ಹೋಗುತ್ತದೆ. ಕಳ್ಳರಾದರೆ ಬೇಡ ಅನ್ನುತ್ತಾರೆ, ಇಲ್ಲವೇ ಎದ್ದು ಓಡುತ್ತಾರೆ.

ಕೇಳಿದಳು. ಎರಡು ಉಸಿರು ಕಳೆಯುವಷ್ಟರಲ್ಲಿ ಒಪ್ಪಿಗೆ ಬಂತು.

ಮುದ್ದೇಬಿಹಾಳದ ಪರದೆ ಅವಳ ಮುಂದೆ ತೆರೆಯಿತು. ಖಾಲಿ ಹಾಳೆಯೊಂದರ ಮೇಲೆ ಅಕ್ಷರಗಳು ಒಂದೊಂದಾಗಿ ಬೀಳುತ್ತಿದ್ದವು. ಟೈಪು ಮಾಡಿ ರೂಢಿಯಿಲ್ಲದ ಕೈ.

"ಮಾಲಕ್ಕಾ, ಹೊರಗ ಹಾಕಬ್ಯಾಡ್ರಿ. ಸುರೇಖಾ ಟೀಚರ್ ಒಬ್ಬಾಕಿ ಅಲ್ಲ. ಇಪ್ಪತ್ತು ದಿನದಿಂದ ಸಿಂದಗಿ ಮಷೀನು ಸುಳ್ಳು ಹೇಳಾಕತ್ತೈತಿ. ನನಗ ಸಿಕ್ಕಾವರು ಹನ್ನೊಂದು ಮಂದಿ. ಟೆಸ್ಟ್ ಆಗಿ ಉಳಿದ ಅವರ ರಕ್ತ ಬ್ಯಾರೆ ಕಡಿ ಎಣಿಸೀನಿ. ಹೆಸರು ಬರೀತೇನಿ, ಲಗೂನ ಬರಕೋರಿ."

ಮಾಲಾ ಪೆನ್ನಿಗಾಗಿ ಕೈ ಚಾಚಿದಳು. ಕಪಾಟಿನ ಕಡೆಯಿಂದ ಡಿಸ್ಕಿನ ಹಿಡಿಕೆ ಕಟ್ ಎಂದು ಸಡಿಲಾದ ಸದ್ದು ಕೇಳಿತು.

"ಎಳೀಬ್ಯಾಡ್ರಿ," ಎಂದಳು ತಿರುಗದೆಯೇ. "ಹನ್ನೊಂದು ಜೀವ ಅದಾವು ಇದರಾಗ."

"ಎಲ್ಲಾ ಸುಳ್ಳು. ಮಾಲೀಕರು ಒಂದಽ ಸಲ ಅಂದಾರ."

ಮೊದಲ ಹೆಸರು ಬಿತ್ತು. ಚಮನಸಾಬ, ಐವತ್ತೆಂಟು, ಮುದ್ದೇಬಿಹಾಳ. ಲ್ಯಾಬು ಕೊಟ್ಟ ಎಣಿಕೆ ಒಂದು ಲಕ್ಷ ತೊಂಬತ್ತು ಸಾವಿರ. ನಿಜವಾದದ್ದು ಮೂವತ್ತೆರಡು ಸಾವಿರ.

ಎರಡನೆಯ ಹೆಸರು ಬಿತ್ತು. ಸುನಂದಾ, ಮೂವತ್ತು, ಇಂಡಿ. ಏಳು ತಿಂಗಳ ಬಸುರಿ. ಗಂಡನ ಹೆಸರು ಸಂಜೀವಕುಮಾರ.

ಮಾಲಾ ತಿರುಗಿ ನೋಡಿದಳು. ಹಿಡಿಕೆಯ ಮೇಲಿದ್ದ ಕೈ ತಾನಾಗಿಯೇ ಕೆಳಗೆ ಜಾರಿತ್ತು.

"ತವರಿಗೆ ಹೋಗ್ಯಾಳ," ಎಂದ ಸಂಜೀವಕುಮಾರ. ಯಾರಿಗೆ ಹೇಳುತ್ತಿದ್ದಾನೆಂದು ಅವನಿಗೇ ತಿಳಿದಂತಿರಲಿಲ್ಲ. "ಶನಿವಾರ ಸಣ್ಣಗ ಜ್ವರ ಅಂದಿದ್ಲು. ನಮ್ಮ ಲ್ಯಾಬಿನ್ಯಾಗಽ ತೋರಿಸು ಅಂತ ನಾನಽ ಹೇಳಿದೆ. ನಾರ್ಮಲ್ ಬಂತು. ನಾನಽ ಫೋನ್ ಹಚ್ಚಿ ಹೇಳಿದೆ, ನಾರ್ಮಲ್ ಐತಿ ಅಂತ."

ಪರದೆಯ ಮೇಲೆ ಅಕ್ಷರಗಳು ಮುಂದುವರಿದವು. ಲ್ಯಾಬು ಕೊಟ್ಟ ಎಣಿಕೆ ಎರಡು ಲಕ್ಷ ನಲವತ್ತು ಸಾವಿರ. ನಿಜವಾದದ್ದು.

ಅಷ್ಟಕ್ಕೆ ನಿಂತಿತು. ಕರ್ಸರು ಆ ಪದದ ಮುಂದೆ ಮಿಣುಕುತ್ತ ಕೂತಿತು.

ಸಂಜೀವಕುಮಾರ ಕುರ್ಚಿಯ ಬೆನ್ನು ಹಿಡಿದು ಬಗ್ಗಿದ. ಐದು ವರ್ಷದಲ್ಲಿ ಒಮ್ಮೆಯೂ ಅವಳಿಗೆ ಬಹುವಚನ ಹಚ್ಚದವನ ದನಿ ಒಡೆದು ಹೋಗಿತ್ತು.

"ಎಷ್ಟಂತ ಕೇಳ್ರಿ, ಮಾಲಾ. ನಿಮ್ಮ ಕಾಲಿಗೆ ಬೀಳ್ತೇನಿ, ಎಷ್ಟಂತ ಕೇಳ್ರಿ."

ಅವಳು ಆಗಲೇ ಕೇಳಿ ಆಗಿತ್ತು. ಅವಳು ಟೈಪು ಮಾಡಿದ ಪ್ರಶ್ನೆ ಆ ಪದದ ಕೆಳಗೇ ನಿಂತಿತ್ತು. ಅತ್ತಲಿಂದ ಒಂದು ಅಂಕಿ ಬಿತ್ತು. ಒಂಬತ್ತು. ಒಂಬತ್ತರ ಮುಂದೆ ಸೊನ್ನೆ ಎಷ್ಟು ಎಂದು ಮೂವರೂ ನೋಡುತ್ತಿದ್ದಂತೆ ಮುದ್ದೇಬಿಹಾಳದ ಪರದೆ ಕಪ್ಪಾಯಿತು. ಒಳಗಿರುವವರ ಪಟ್ಟಿಯಲ್ಲಿ ಮಾಲಾಳ ಹೆಸರಿನ ಮುಂದೆ ಸಂಪರ್ಕ ಕಡಿದಿದೆ ಎಂದಿತ್ತು, ಅದರ ಕೆಳಗಿನ ಸಾಲಿನಲ್ಲಿ ಮುದ್ದೇಬಿಹಾಳದ ನಾಲ್ಕೂ ಡಬ್ಬಿಗಳು ಒಂದರ ಹಿಂದೊಂದು ಆರುತ್ತಿದ್ದವು, ಅಲ್ಲಿ ಯಾರೋ ಪ್ಲಗ್ಗು ಕೀಳುತ್ತ ಹೋದ ಹಾಗೆ.